ಸೊಟ್ಟ ಹಲ್ಲಿನ ಮೇಷ್ಟ್ರು

ನಾನು ಜನರನ್ನು ಹೆಸರು ಹಿಡಿದು ನೆನಪಿಟ್ಟುಕೊಳ್ಳುವವಳಲ್ಲ, ಹಲ್ಲು ಹಿಡಿದು. ಇದು ಕಸುಬಿನಿಂದ ಅಂಟಿದ ಕೆಟ್ಟ ಚಾಳಿ. ಶಿವಮೊಗ್ಗದಲ್ಲಿ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದುಗಡೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷದ ಮೇಲಾಯಿತು, ಹಲ್ಲುಸೆಟ್ಟು ಮಾಡುತ್ತಿದ್ದೇನೆ. ಡಾಕ್ಟರು ಬಾಯಿ ನೋಡುತ್ತಾರೆ, ನಾನು ಆ ಬಾಯಿಯ ಪ್ಲಾಸ್ಟರ್ ಅಚ್ಚು ನೋಡುತ್ತೇನೆ. ಮದುವೆಮನೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಅವರ ಮುಖಕ್ಕಿಂತ ಮೊದಲು ನನ್ನ ಕೆಲಸ ಕಾಣಿಸುತ್ತದೆ. ಓ, ಇದು ಹೋದ ವರ್ಷದ ಕೆಳಗಿನ ಸೆಟ್ಟು ಎಂದುಕೊಂಡು ಆಮೇಲೆ ಹೆಸರಿಗಾಗಿ ತಡಕಾಡುತ್ತೇನೆ. ಈಗ ಹೇಳಹೊರಟಿರುವವರ ಹೆಸರನ್ನು ನಾನು ಬರೆಯದಿದ್ದರೆ ಅದನ್ನು ಮರೆವು ಎಂದುಕೊಳ್ಳಬೇಡಿ. ಹೆಸರು ಚೆನ್ನಾಗಿ ಗೊತ್ತು. ನಾನು ಮರೆತದ್ದು ಅವರ ಹಲ್ಲನ್ನು.

ಭದ್ರಾವತಿಯಲ್ಲಿ ಅವರನ್ನು ಎಲ್ಲರೂ ಬ್ಯಾಂಡ್ ಮೇಷ್ಟ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ತಂದೆ ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದವರು. ಇವರು ಹುಟ್ಟಿದ್ದು, ಬೆಳೆದದ್ದು, ಕಾಗದದ ಮಿಲ್ಲಿನ ಕಟಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದದ್ದು ಎಲ್ಲ ಅಲ್ಲೇ. ಮಿಲ್ಲಿನ ಕೆಲಸ ಹೊಟ್ಟೆಗೆ, ಟ್ರಂಪೆಟ್ ಬಾಯಿಗೆ ಎಂದು ತಮ್ಮ ಬದುಕನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು.

ನಮ್ಮ ಕ್ಲಿನಿಕ್ಕಿಗೆ ಅವರು ಮೊದಲ ಸಲ ಬಂದದ್ದು ಒಂದು ಆಷಾಢದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರು ತಮ್ಮ ಕಾಯಿಲೆ ಕಸಾಲೆಗಳನ್ನೆಲ್ಲ ಆ ತಿಂಗಳಿಗೇ ಎತ್ತಿಟ್ಟಿರುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಇವರು ಹಿಂದಿನ ಸೀಸನ್ ಪೂರ್ತಿ ಅಲ್ಲಾಡುವ ಹಲ್ಲಿನಲ್ಲೇ ಊದಿ ಮುಗಿಸಿ ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಕಪ್ಪು ಪೆಟ್ಟಿಗೆ. ಯಾರೋ ಅದನ್ನು ಕೆಳಗಿಟ್ಟು ಕೂರಲು ನೋಡಿದಾಗ, ತಾವೇ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟು, ಪೆಟ್ಟಿಗೆ ಕೂತಲ್ಲೇ ಇರಲಿ ಎಂದು ನಿಂತುಕೊಂಡರು. ಆಗ ನಮ್ಮಲ್ಲಿದ್ದ ಹಳೆಯ ಡಾಕ್ಟರು ಪರೀಕ್ಷೆ ಮಾಡಿ, ಮೇಲಿನ ಮುಂದಿನ ನಾಲ್ಕೂ ಹಲ್ಲು ತೆಗೆಯಬೇಕು, ಬೇರಿಗೆ ಹಿಡಿತವೇ ಉಳಿದಿಲ್ಲ ಎಂದರು. ಊಟಕ್ಕೇನೂ ತೊಂದರೆಯಾಗದಂತೆ ಸೆಟ್ಟು ಮಾಡಿಸಿಕೊಡುತ್ತೇವೆಂದು ಧೈರ್ಯವನ್ನೂ ಹೇಳಿದರು.

“ತಿನ್ನೋಕೆ ಗಂಜಿ ಆದ್ರೂ ನಡೆಯುತ್ತೆ ಡಾಕ್ಟ್ರೇ,” ಎಂದರು ಇವರು. “ಊದೋಕೆ ಹಲ್ಲು ಬೇಕು.”

ಊದುವುದು ತುಟಿಯಿಂದ ತಾನೆ ಎಂದರು ಡಾಕ್ಟರು. ತುಟಿ ಕೂರುವುದು ಹಲ್ಲಿನ ಮೇಲೆ, ಗೋಡೆ ಬಿದ್ದ ಮೇಲೆ ಬಾಗಿಲು ಎಲ್ಲಿ ನಿಲ್ಲಿಸುವುದು ಎಂದರು ಇವರು. ಡಾಕ್ಟರಿಗೆ ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಅಳತೆಗೆಂದು ಇವರನ್ನು ನನ್ನ ಕೋಣೆಗೆ ಕಳಿಸಿದರು.

ಅಚ್ಚಿನ ಪುಡಿ ಕಲಸುತ್ತಿದ್ದ ನನಗೆ ಅವರು ತಮ್ಮ ಚಿಂತೆಯನ್ನು ಹೇಳಿಕೊಂಡರು. ಮಾಘದಲ್ಲಿ ಒಬ್ಬಳೇ ಮಗಳ ಮದುವೆ. ಭದ್ರಾವತಿಯ ಮದುವೆಗಳಲ್ಲಿ, ಅವರ ಬ್ಯಾಂಡ್ ಇದ್ದ ಕಡೆ ಒಂದು ಪದ್ಧತಿ ಇತ್ತು. ಮದುಮಗ ಛತ್ರದ ಗೇಟಿಗೆ ಬಂದ ಕೂಡಲೇ ಮಿಕ್ಕ ವಾದ್ಯಗಳೆಲ್ಲ ನಿಲ್ಲುತ್ತವೆ. ಮೇಷ್ಟ್ರು ಒಬ್ಬರೇ ಮೆಟ್ಟಿಲು ಮೆಟ್ಟಿಲಾಗಿ ಸ್ವರ ಏರಿಸುತ್ತ ಹೋಗಿ, ಎಲ್ಲಕ್ಕಿಂತ ಮೇಲಿನ ಸ್ವರವನ್ನು ಮುಟ್ಟಿ ನಿಲ್ಲಿಸುತ್ತಾರೆ. ಮದುಮಗ ಹೊಸ್ತಿಲು ದಾಟುವವರೆಗೂ ಅದು ಇಳಿಯುವ ಹಾಗಿಲ್ಲ. ಆ ಸ್ವರವನ್ನು ಅವರು ಅಟ್ಟ ಎನ್ನುತ್ತಿದ್ದರು. ಊರವರ ಎಷ್ಟೋ ಹೆಣ್ಣುಮಕ್ಕಳಿಗೆ ಅಟ್ಟ ಹತ್ತಿದ್ದೇನೆ, ನನ್ನ ಮಗಳಿಗೆ ಹತ್ತದೆ ಇರಲಾದೀತೇ ಎಂದು ಕೇಳಿದರು. ಅವಳು ತೊಟ್ಟಿಲಲ್ಲಿದ್ದಾಗಲೇ ಕೊಟ್ಟ ಮಾತಂತೆ ಅದು.

ಅಚ್ಚು ತೆಗೆದು ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಒಂದೇ ಒಂದು ಮಾತು ಹೇಳಿದರು.

“ಇದ್ದ ಹಾಗೇ ಮಾಡು ತಾಯಿ. ಚೆಂದ ಮಾಡೋಕೆ ಹೋಗಬೇಡ.”

ಎಲ್ಲ ಮುದುಕರೂ ಹೀಗೇ ಹೇಳುತ್ತಾರೆ. ಆಮೇಲೆ ಕನ್ನಡಿ ಕೊಟ್ಟರೆ ಕೆಳಗಿಡುವುದಿಲ್ಲ. ನನಗೆ ಆಗ ಮೂವತ್ತರ ಆಸುಪಾಸು, ಕೈ ಪಳಗಿತ್ತು, ಅದರ ಕೊಬ್ಬೂ ಇತ್ತು. ಅಚ್ಚಿನಲ್ಲಿ ನೋಡಿದರೆ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ದಿನವಿಡೀ ಜನರ ಸೊಟ್ಟ ಹಲ್ಲು ನೋಡುವ ನನಗೆ ಅದೊಂದು ಸಣ್ಣ ದೋಷ, ತಿದ್ದಿದರೆ ಪುಣ್ಯ.

ನನ್ನ ಕೆಲಸದ ಒಂದು ಕ್ರಮವನ್ನು ಇಲ್ಲಿ ಹೇಳಬೇಕು. ಹಲ್ಲು ಕೀಳುವ ಮೊದಲೇ ಅಚ್ಚು ತೆಗೆದು ಸೆಟ್ಟು ತಯಾರಿಟ್ಟರೆ, ಕಿತ್ತ ದಿನವೇ ಹಾಕಿಕೊಂಡು ಮನೆಗೆ ಹೋಗಬಹುದು. ಅದಕ್ಕೆ ಅಚ್ಚಿನ ಮೇಲಿರುವ ಪ್ಲಾಸ್ಟರ್ ಹಲ್ಲುಗಳನ್ನು ಚಾಕುವಿನಿಂದ ಕೆತ್ತಿ ತೆಗೆದು, ಆ ಜಾಗದಲ್ಲಿ ಹೊಸ ಹಲ್ಲು ಕೂರಿಸಬೇಕು. ಕೆತ್ತುವ ಮೊದಲು ಇನ್ನೊಂದು ಅಚ್ಚು ಹುಯ್ದಿಟ್ಟುಕೊಳ್ಳುವುದು ಬುದ್ಧಿವಂತರ ಲಕ್ಷಣ. ನಾನು ಹುಯ್ಯಲಿಲ್ಲ. ನಾಲ್ಕೂ ಹಲ್ಲನ್ನು ಕೆತ್ತಿ ಹಾಕಿದೆ, ಪುಡಿಯನ್ನು ಗುಡಿಸಿ ಬಿಸಾಡಿದೆ, ನಾಲ್ಕು ಹೊಸ ಹಲ್ಲುಗಳನ್ನು ಸಾಲಿಗೆ ನಿಂತ ಸ್ಕೂಲ್ ಮಕ್ಕಳ ಹಾಗೆ ನೇರವಾಗಿ ಕೂರಿಸಿದೆ. ಮೇಷ್ಟ್ರು ಕನ್ನಡಿ ನೋಡಿ, ನಾನೇ ಮದುಮಗನ ಹಾಗಾದೆನಲ್ಲ ಎಂದು ನಕ್ಕರು. ನಾನು ಹೆಮ್ಮೆಯಿಂದ ಕೈ ತೊಳೆದುಕೊಂಡೆ.

ಗಾಯ ಮಾಗುವಷ್ಟು ದಿನ ಬಿಟ್ಟು ಅವರು ಮತ್ತೆ ಬಂದರು. ನೋವಿಲ್ಲ, ಚಕ್ಕುಲಿ ತಿನ್ನಬಹುದು, ಸೆಟ್ಟಿನ ಬಗ್ಗೆ ಯಾವ ದೂರೂ ಇಲ್ಲ. ಆದರೆ ಅಟ್ಟ ಹತ್ತಲಾಗುತ್ತಿಲ್ಲ. ಕೆಳಗಿನ ಸ್ವರಗಳು ಬರುತ್ತವೆ, ನಡುವಿನವು ಬರುತ್ತವೆ, ಮೇಲೆ ಹೋದ ಹಾಗೆ ತುಟಿ ಜಾರುತ್ತದೆ, ಬರೀ ಗಾಳಿ ಬರುತ್ತದೆ. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ ಸೆಟ್ಟು ಸರಿಯಾಗಿ ಕೂತಿದೆ ಎಂದರು. ಅದು ನಿಜವೂ ಆಗಿತ್ತು. ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು ಹೊರಟವರು ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

“ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ ತಾಯಿ. ನಂಗೆ ಎರಡೂ ಇದೆ ಈಗ, ಜಗಿಯೋಕೆ ಬರ್ತಿಲ್ಲ ಅಷ್ಟೇ.”

ಬೈದಿದ್ದರೆ ಮರೆತುಬಿಡುತ್ತಿದ್ದೆ. ನಗಿಸಿ ಹೋದರು, ಅದು ಕೊರೆಯತೊಡಗಿತು. ಆ ಭಾನುವಾರ ಮೇಣ, ಅರ, ಚಾಕು, ಸಣ್ಣ ಸ್ಪಿರಿಟ್ ದೀಪ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ರಜಾ ದಿನ ಯಾರ ಹಲ್ಲು ಕೀಳುವುದಕ್ಕೆ ಹೊರಟೆ ಎಂದು ನನ್ನ ಗಂಡ ಕೇಳಿದರು. ಕಿತ್ತದ್ದನ್ನು ವಾಪಸ್ಸು ಕೂರಿಸಲು ಎಂದೆ.

ಭದ್ರಾವತಿಯ ಜನ್ನಾಪುರದಲ್ಲಿ ಅವರದು ಎರಡು ಕೋಣೆಯ ಮನೆ, ಮುಂದೆ ಶೀಟಿನ ಶೆಡ್ಡು. ಶೆಡ್ಡಿನಲ್ಲಿ ಡ್ರಮ್ಮುಗಳು, ಗೂಟಕ್ಕೆ ನೇತುಹಾಕಿದ ಕೆಂಪು ಕೋಟುಗಳು. ಮೇಷ್ಟ್ರು ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು ನಾನು ಚೀಲ ಬಿಚ್ಚಲು ಹೋದರೆ ತಡೆದರು. ಹಲ್ಲಿಗೆ ಕೈ ಹಾಕುವ ಮೊದಲು ಊದುವುದೆಂದರೇನು ಎಂದು ನಿನಗೆ ಗೊತ್ತಾಗಬೇಕು, ಇಲ್ಲದಿದ್ದರೆ ಮತ್ತೆ ಚೆಂದ ಮಾಡಿಬಿಡುತ್ತೀಯ ಎಂದರು. ಹೀಗೆ ನಾನು, ಹಾಡಿನ ಗಂಧಗಾಳಿ ಇಲ್ಲದವಳು, ಅವರ ಶಿಷ್ಯೆಯಾದೆ.

ಮೊದಲು ಉಸಿರು. ಯೂನಿಫಾರ್ಮಿನ ಬೆಲ್ಟೊಂದನ್ನು ನನ್ನ ಸೀರೆಯ ಮೇಲೆ ಅವರ ಹೆಂಡತಿಯ ಕೈಲಿ ಕಟ್ಟಿಸಿ, ಉಸಿರು ಎಳೆದರೆ ಬೆಲ್ಟು ಸುತ್ತಲೂ ಬಿಗಿಯಬೇಕು, ಬೆನ್ನ ಕಡೆಗೂ ಬಿಗಿಯಬೇಕು ಎಂದರು. ನಾನು ಎಳೆದೆ. ಭುಜ ಮೇಲೆ ಹೋಯಿತು, ಬೆಲ್ಟು ಇದ್ದಲ್ಲೇ ಇತ್ತು. “ನಿನ್ನ ಉಸಿರು ಕುತ್ತಿಗೇಲಿದೆ ಮಾರಾಯ್ತಿ. ಅದು ಸಾಲ ತಂದ ಉಸಿರು, ಈಗಲೇ ವಾಪಸ್ ಹೋಗುತ್ತೆ,” ಎಂದರು.

ಆಮೇಲೆ ಕಾಗದ. ಮಿಲ್ಲಿನಲ್ಲಿ ಕತ್ತರಿಸಿ ಬಿದ್ದ ಅಂಚುಗಳನ್ನು ಅವರು ಒಂದು ಟ್ರಂಕಿನಲ್ಲಿ ಜೋಡಿಸಿಟ್ಟಿದ್ದರು. ಬೆರಳಲ್ಲಿ ಮುಟ್ಟಿದರೇ ಹಾರುವಂಥದ್ದು, ನೋಟ್‌ಬುಕ್ಕಿನದ್ದು, ಮದುವೆ ಕಾರ್ಡಿನಷ್ಟು ದಪ್ಪದ್ದು. ಅಂಗೈಯಗಲದ ಚೂರನ್ನು ಗೋಡೆಗೆ ಹಿಡಿದು, ಗೇಣು ದೂರ ನಿಂತು ಊದಿ, ಕೈ ಬಿಡಬೇಕು. ಉಸಿರಿನಿಂದಲೇ ಕಾಗದ ಗೋಡೆಗೆ ನಿಲ್ಲಬೇಕು. ತೆಳುವಿನದ್ದು ಒಂದು ತಿಂಗಳು, ಆಮೇಲೆ ಮುಂದಿನದ್ದು. ಕಾರ್ಡು ನಿಲ್ಲಿಸಿದವನು ಟ್ರಂಪೆಟ್ ಮುಟ್ಟಬಹುದು. ಅವರ ಶೆಡ್ಡಿನಲ್ಲಿ ಕಲಿತವರೆಲ್ಲ ಹೀಗೇ ಕಲಿತವರು. ಗೋಡೆಯಲ್ಲಿ ಒಂದು ಕಡೆ ಸುಣ್ಣ ಪೂರ್ತಿ ಸವೆದು ಹೋಗಿತ್ತು. ಮೇಷ್ಟ್ರು ನನಗೆ ತೋರಿಸಿಕೊಡಲೆಂದು ನಿಂತರು. ಕಾಗದ ಗೋಡೆಗೆ ಅಂಟಿಸಿದ ಹಾಗೆ ನಿಂತಿತು. ನಾನು ಒಂದು, ಎರಡು ಎಣಿಸತೊಡಗಿದವಳು ಮೂವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟು ಅವರ ಮುಖ ನೋಡಿದೆ. ಅಲ್ಲಿ ಯಾವ ಶ್ರಮವೂ ಕಾಣಲಿಲ್ಲ.

ಕೊನೆಗೆ ತುಟಿ. ಹಳೆಯದೊಂದು ಮೌತ್‌ಪೀಸ್, ಟ್ರಂಪೆಟ್ಟಿನ ತುದಿಗೆ ಸಿಕ್ಕಿಸುವ ಆ ಸಣ್ಣ ಲೋಹದ ಬಟ್ಟಲನ್ನು, ನನ್ನ ಕೈಗಿಟ್ಟು, ಬರೀ ಇದರಲ್ಲಿ ದುಂಬಿಯ ಹಾಗೆ ಗುಂಯ್ ಅನ್ನಿಸು ಎಂದರು. ನನ್ನಿಂದ ಹೊರಟದ್ದು ಎಮ್ಮೆಕರುವಿನ ಸದ್ದು. ಒಳಗೆ ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ಮೇಷ್ಟ್ರು ನಗಲಿಲ್ಲ. ತುಟಿಯ ಎರಡು ಮೂಲೆ ಬಿಗಿ, ನಡು ಸಡಿಲ. ಹಗ್ಗದ ಮಂಚವನ್ನು ಅಂಚಿನಲ್ಲಿ ಬಿಗಿಯುತ್ತಾರೆ, ಮಲಗುವ ಜಾಗದಲ್ಲಲ್ಲ ಎಂದರು. ನಗುವವರ ಹಾಗೆ ತುಟಿ ಎಳೆಯಬಾರದು, ಎಳೆದರೆ ಸ್ವರ ಬಡವಾಗುತ್ತದೆ. ಮೇಲಿನ ಸ್ವರಕ್ಕೆ ಜಾಸ್ತಿ ಗಾಳಿ ಬೇಕೆಂದು ಎಲ್ಲರೂ ತಿಳಿಯುತ್ತಾರೆ, ಬೇಕಾದ್ದು ಬೇಗದ ಗಾಳಿ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುವುದಿಲ್ಲವೇ, ಹಾಗೆ. ಆ ಹೆಬ್ಬೆರಳಿನ ಕೆಲಸವನ್ನು ಬಾಯೊಳಗೆ ನಾಲಿಗೆ ಮಾಡಬೇಕು. ಕೆಳಗಿನ ಸ್ವರಕ್ಕೆ ‘ಆ’ ಅಂದಂತೆ ಮಲಗಿದ್ದ ನಾಲಿಗೆ ಮೇಲೆ ಹೋಗುತ್ತ ‘ಈ’ ಅಂದಂತೆ ಏಳಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಒತ್ತುವುದು. ಮೇಲಿನ ಸ್ವರ ಬರದಿದ್ದಾಗ ಹೊಸಬರು ಮೌತ್‌ಪೀಸನ್ನು ತುಟಿಗೆ ಒತ್ತುತ್ತಾರೆ, ಒಂದೆರಡು ಸಲ ಬರುತ್ತದೆ, ಆಮೇಲೆ ತುಟಿಯೇ ಸಾಯುತ್ತದೆ. ಅದಕ್ಕೆ ಅವರು ಟ್ರಂಪೆಟ್ಟನ್ನು ಶೆಡ್ಡಿನ ಜಂತಿಯಿಂದ ಎರಡು ದಾರದಲ್ಲಿ ಇಳಿಬಿಟ್ಟು, ಕೈ ಹಿಂದೆ ಕಟ್ಟಿ ಊದಿಸುತ್ತಿದ್ದರು. ಒತ್ತಿದರೆ ಅದು ಉಯ್ಯಾಲೆಯ ಹಾಗೆ ದೂರ ಹೋಗಿಬಿಡುತ್ತದೆ. “ಅದು ತಾನಾಗಿ ಬಂದು ಕೂರಬೇಕು ತಾಯಿ. ನೀನು ಹಿಡ್ಕೊಂಡ್ರೆ ಅದು ನಿನ್ನದಲ್ಲ.” ತಾನಾಗಿ ಬಂದು ಕೂರಲು ಅವರ ಬಾಯಲ್ಲಿ ಒಂದು ಜಾಗ ಇತ್ತು. ಒಂದರ ಮೇಲೊಂದು ಹತ್ತಿದ ಆ ಎರಡು ಹಲ್ಲಿನ ನಡುವಿನ ಮೆಟ್ಟಿಲು. ನಲವತ್ತು ವರ್ಷ ಅವರ ತುಟಿ ಅಲ್ಲಿ ನೆಲೆ ನಿಂತಿತ್ತು. ನಾನು ಕೆತ್ತಿ ಗುಡಿಸಿದ್ದು ಅದನ್ನೇ.

ಇದು ನನಗೆ ಅರ್ಥವಾದದ್ದು ಆಗ. ಎರಡನೇ ಅಚ್ಚು ಹುಯ್ದಿಡಲಿಲ್ಲ ಎಂದು ಒಪ್ಪಿಕೊಂಡೆ. ಅವರು ಮಿಲ್ಲಿನಲ್ಲಿ ತಾವೂ ಒಮ್ಮೆ ಇಡೀ ಒಂದು ರೀಲನ್ನು ತಪ್ಪು ಅಳತೆಗೆ ಕತ್ತರಿಸಿದ್ದ ಕಥೆ ಹೇಳಿದರು. ಸಮಾಧಾನಕ್ಕೆ ಹುಟ್ಟಿಸಿದ ಕಥೆ ಇರಬೇಕು ಎಂದು ಇವತ್ತಿಗೂ ನನ್ನ ಅನುಮಾನ.

ಹಾಗಾದರೆ ಹಳೆಯ ಹಲ್ಲು ಹೇಗಿತ್ತು? ಫೋಟೋ ಕೇಳಿದೆ. ಮನೆ ತುಂಬ ಅವರ ಫೋಟೋ. ಪ್ರತಿಯೊಂದರಲ್ಲೂ ಬಾಯಿಗೆ ಟ್ರಂಪೆಟ್. ಸ್ವಂತ ಮದುವೆಯ ಫೋಟೋದಲ್ಲೂ ಗೆಳೆಯರು ಒತ್ತಾಯ ಮಾಡಿದರೆಂದು ಹಾರ ಹಾಕಿಕೊಂಡೇ ಊದುತ್ತಿದ್ದಾರೆ, ಪಕ್ಕದಲ್ಲಿ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಾರೆ. ಮಿಲ್ಲಿನ ಗುರುತಿನ ಚೀಟಿಯಲ್ಲಿ ಮಾತ್ರ ಟ್ರಂಪೆಟ್ ಇಲ್ಲ, ಬಾಯಿ ಮುಚ್ಚಿದೆ. ಎಡಗಡೆಯ ಹಲ್ಲು ಮುಂದಿತ್ತು ಎಂದರು ಮೇಷ್ಟ್ರು. ಬಲಗಡೆಯದು ಎಂದರು ಹೆಂಡತಿ. ಇಬ್ಬರೂ ಜಗಳಕ್ಕೇ ನಿಂತರು. ಎದುರು ನಿಂತು ನೋಡಿದವರಿಗೆ ಅದು ಬಲಗಡೆಯಲ್ಲವೇ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಇಷ್ಟು ವರ್ಷ ಎದುರು ನಿಂತು ನೋಡಿದ್ದೇ ಬಂತು ಎಂದು ಗೊಣಗಿ ಹೆಂಡತಿ ಒಳಗೆ ಹೋದರು. ಯಾವ ಹಲ್ಲೆಂದು ಗೊತ್ತಾಯಿತು. ಎಷ್ಟು ಮುಂದೆ, ಎಷ್ಟು ಓರೆ ಎಂದು ಹೇಳಬಲ್ಲದ್ದು ಅವರ ತುಟಿಯೊಂದೇ, ಅದಕ್ಕೆ ಮಾತು ಬರುವುದಿಲ್ಲ.

ಅಲ್ಲಿಂದ ಮಾಘದವರೆಗೆ ಹೆಚ್ಚುಕಡಿಮೆ ಪ್ರತಿ ಭಾನುವಾರ ನಾನು ಜನ್ನಾಪುರದಲ್ಲಿದ್ದೆ. ಹಲ್ಲಿನ ಮೇಲೆ ಮೇಣ ಇಡುವುದು, ಊದಿಸುವುದು, ಕೆರೆಯುವುದು, ಮತ್ತೆ ಊದಿಸುವುದು. ಎಷ್ಟು ಹೊತ್ತು ಊದಿದರೋ ಅಷ್ಟೇ ಹೊತ್ತು ತುಟಿಗೆ ರಜೆ ಕೊಡಬೇಕೆಂಬುದು ಅವರ ನಿಯಮ. ಆ ರಜೆಗಳಲ್ಲಿ ನಾನು ಅವರನ್ನು ತಿಳಿದುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿರಲಿಲ್ಲ, ಗಾಳಿಗೆ ತುಟಿ ಒಣಗುತ್ತದೆ. ಮಲಗುವಾಗ ತುಟಿಗೆ ಬೆಣ್ಣೆ. ಹಸಿಮೆಣಸಿನಕಾಯಿ ಚಟ್ನಿಯೆಂದರೆ ಪ್ರಾಣ, ಆದರೆ ತಿನ್ನುತ್ತಿದ್ದುದು ಆಷಾಢದಲ್ಲಿ ಮಾತ್ರ. ಶಿಷ್ಯರಿಗೆ ಬೈಯುವಾಗ ಮೊದಲು ತಮಿಳಿನಲ್ಲಿ ಶುರುಮಾಡಿ, ಸಿಟ್ಟು ಇಳಿದ ಹಾಗೆ ಕನ್ನಡಕ್ಕೆ ಬರುತ್ತಿದ್ದರು. ಅಟ್ಟಕ್ಕೆ ಏಣಿ ಹಾಕಿ ಹತ್ತಬೇಕು, ಹಾರಲು ಹೋಗಿ ಸೊಂಟ ಮುರಿದುಕೊಳ್ಳಬಾರದು ಎಂಬುದು ಎಲ್ಲ ಬೈಗುಳದ ಕೊನೆಯ ಮಾತು. ಒಂದು ಭಾನುವಾರ ಒಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು, ಮುಂದಿನ ಭಾನುವಾರ ಅದೇ ಮೆಟ್ಟಿಲು ಜಾರುತ್ತಿತ್ತು. ನನಗೆ ಅಷ್ಟರಲ್ಲಿ ನೋಟ್‌ಬುಕ್ಕಿನ ಕಾಗದ ಗೋಡೆಗೆ ನಿಲ್ಲಿಸಲು ಬರುತ್ತಿತ್ತು. ಆ ಭಾನುವಾರಗಳಷ್ಟು ಸುಖವಾಗಿ ನಾನು ಬೇರೆಲ್ಲೂ ಕೆಲಸ ಮಾಡಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

ಮದುವೆಗೆ ಮುಂಚೆ ಅವರ ಹೆಂಡತಿಯ ಅಣ್ಣ ತಕರಾರು ತೆಗೆದರು. ಹೆಣ್ಣಿನ ತಂದೆ ಗೇಟಿನಲ್ಲಿ ಬ್ಯಾಂಡಿನವನ ಹಾಗೆ ಊದುತ್ತ ನಿಂತರೆ ಬೀಗರು ಏನೆಂದುಕೊಂಡಾರು, ಹೆಣ್ಣು ಕೊಡುವವನು ತಲೆ ತಗ್ಗಿಸಿ ನಿಲ್ಲಬೇಕು ಎಂದು ಅವರ ವಾದ.

“ತಗ್ಗಿಸ್ತೀನಿ ಭಾವ, ಆಮೇಲೆ ಎಷ್ಟು ಬೇಕಾದ್ರೂ ತಗ್ಗಿಸ್ತೀನಿ,” ಎಂದರು ಮೇಷ್ಟ್ರು. “ಟ್ರಂಪೆಟ್ ಮಾತ್ರ ತಗ್ಗಿಸಿ ಊದೋಕೆ ಬರಲ್ಲ.”

ಆ ದಿನ ಪಂಚೆ, ಶಲ್ಯ, ಹಣೆಗೆ ಕುಂಕುಮ, ಕೈಯಲ್ಲಿ ಟ್ರಂಪೆಟ್. ಆರತಿ ತಟ್ಟೆ ಹಿಡಿದವರ ಪಕ್ಕದಲ್ಲೇ ನಿಂತಿದ್ದರು. ಮದುಮಗ ಗೇಟಿಗೆ ಬಂದ. ಡ್ರಮ್ಮು ನಿಂತಿತು. ನಾನು ಹಿಂದಿನ ಭಾನುವಾರ ಕೊನೆಯ ಸಲ ತಿದ್ದಿ ಗಟ್ಟಿಮಾಡಿಕೊಟ್ಟ ಹಲ್ಲು ಅವರ ಬಾಯಲ್ಲಿತ್ತು. ಸ್ವರ ಏರತೊಡಗಿತು. ಒಂದೊಂದು ಮೆಟ್ಟಿಲಿಗೂ ನನ್ನ ನಾಲಿಗೆ ನನ್ನ ಬಾಯೊಳಗೇ ‘ಆ’ದಿಂದ ‘ಈ’ಗೆ ಏಳುತ್ತಿತ್ತು. ಕೊನೆಯದಕ್ಕೆ ಒಂದೇ ಮೆಟ್ಟಿಲು ಇರುವಾಗ ಅವರ ಬಲಗೈ ಗಟ್ಟಿಯಾದದ್ದು ಕಂಡಿತು. ಒತ್ತಿಬಿಡುತ್ತಾರೆ ಎಂದುಕೊಂಡೆ. ಒತ್ತಿದ್ದರೆ ಬರುತ್ತಿತ್ತೋ ಏನೋ, ಒಂದು ಸಲಕ್ಕಾದರೂ ಬರುತ್ತಿತ್ತು. ಅವರು ಒತ್ತಲಿಲ್ಲ. ಕೈ ಸಡಿಲಿಸಿ, ಬಂದ ದಾರಿಯಲ್ಲೇ ಮೆಲ್ಲಗೆ ಇಳಿದು, ನಡುವಿನ ಸ್ವರದಲ್ಲಿ ನಿಂತು ಅದನ್ನೇ ಎಳೆದರು. ಮದುಮಗ ಹೊಸ್ತಿಲು ದಾಟಿದ. ಬೀಗರಿಗೆ ಏನೂ ಗೊತ್ತಾಗಲಿಲ್ಲ. ಜನ್ನಾಪುರದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಟಪದ ಕೋಣೆಯಿಂದ ಮದುಮಗಳು ಬಾಗಿಲಿಗೆ ಬಂದು ನಿಂತಿದ್ದಳು, ಇನ್ನೂ ಏನೋ ಬರಬೇಕು ಎಂದು ಕಾಯುವವಳ ಹಾಗೆ.

ಊಟದ ಹೊತ್ತಿಗೆ ನಾನು ಕೈ ತೊಳೆಯುವ ಜಾಗದಲ್ಲಿ ನಿಂತು ಅಳುತ್ತಿದ್ದೆ. ಮೇಷ್ಟ್ರು ಹುಡುಕಿಕೊಂಡು ಬಂದರು.

“ಕೊನೇ ಮೆಟ್ಟಿಲವರೆಗೂ ಹೋಗಿದ್ದೆ ತಾಯಿ. ಅಟ್ಟದ ಮೇಲಿನ ಸಾಮಾನೆಲ್ಲ ಕಾಣಿಸ್ತು. ಕೈಗೆ ಎಟುಕಲಿಲ್ಲ ಅಷ್ಟೇ. ಬಾ, ಪಾಯಸ ತಣ್ಣಗಾಗುತ್ತೆ.”

ಅಲ್ಲಿಗೆ ನಿಲ್ಲಿಸಿದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಇದು ಅವರ ವಿಷಯ, ನನ್ನ ಮಾನದ್ದಲ್ಲ. ಮದುವೆಯ ನಂತರ ನನ್ನ ಭಾನುವಾರಗಳು ತೆಳುವಾದವು, ಆಮೇಲೆ ನಿಂತವು. ಸುಮಾರು ಒಂದು ವರ್ಷದ ಮೇಲೆ ಕ್ಲಿನಿಕ್ಕಿನ ಫೋನಿಗೆ ಅವರ ಕರೆ ಬಂತು. ಧ್ವನಿಯಲ್ಲಿ ಹುರುಪಿತ್ತು.

“ಒಂದು ಫೋಟೋ ಸಿಕ್ಕಿದೆ ಮಾರಾಯ್ತಿ. ಹಲ್ಲು ಕಾಣೋದು. ಯಾವಾಗ ಬರ್ತೀಯ?”

“ಬರೋ ಭಾನುವಾರ ಬರ್ತೀನಿ ಮೇಷ್ಟ್ರೇ,” ಎಂದೆ.

ಆ ಭಾನುವಾರ ಮನೆಗೆ ನೆಂಟರು ಬಂದರು. ಅದರ ಮುಂದಿನದಕ್ಕೆ ಅತ್ತೆಗೆ ಜ್ವರ. ಅದರಾಚೆಯ ಭಾನುವಾರಗಳಿಗೆ ಕಾರಣವೇ ಇರಲಿಲ್ಲ. ನಿಜ ಹೇಳಬೇಕೆಂದರೆ ಸೋತ ಕೆಲಸದ ಮುಂದೆ ಮತ್ತೆ ಹೋಗಿ ಕೂರಲು ನನಗೆ ಮನಸ್ಸಿರಲಿಲ್ಲ. ಇನ್ನೊಂದು ಸಲ ಮಾಡಿ ಅದೂ ಸರಿಯಾಗದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಒಪ್ಪಬೇಕಾಗುತ್ತಿತ್ತು. ಅವರು ಮತ್ತೆ ಫೋನ್ ಮಾಡಲಿಲ್ಲ. ಒತ್ತುವುದು ಅವರ ಅಭ್ಯಾಸವಲ್ಲ.

ಆಮೇಲೆ ಅವರನ್ನು ಒಂದೇ ಸಲ ನೋಡಿದೆ, ಶಿವಮೊಗ್ಗದಲ್ಲೇ, ಯಾರದ್ದೋ ಮದುವೆಯ ಮೆರವಣಿಗೆಯಲ್ಲಿ. ಮುಂದೆ ಯಾರೋ ಹೊಸಬ ಮೇಲಿನ ಸ್ವರ ಒತ್ತಿ ಒತ್ತಿ ಊದುತ್ತಿದ್ದ. ಮೇಷ್ಟ್ರು ಹಿಂದಿನ ಸಾಲಿನಲ್ಲಿ, ಕೆಂಪು ಕೋಟು ಹಾಕಿಕೊಂಡು ಕೆಳಗಿನ ಸ್ವರಗಳನ್ನು ಹಿಡಿದಿದ್ದರು. ನಾನು ರಸ್ತೆಯ ಆಚೆ ತರಕಾರಿ ಚೀಲ ಹಿಡಿದು ನಿಂತಿದ್ದೆ. ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ಬಾಳೆಹಣ್ಣಿನ ಗಾಡಿಯ ಹಿಂದೆ ಸರಿದು, ಮೆರವಣಿಗೆ ಹೋಗುವವರೆಗೂ ಬೇಕಿಲ್ಲದ ಹಣ್ಣಿಗೆ ಚೌಕಾಸಿ ಮಾಡಿದೆ.

ಹೋದ ತಿಂಗಳು ಅವರ ಮಗಳು ಕ್ಲಿನಿಕ್ಕಿಗೆ ಬಂದಳು. ಮುಖ ಗುರುತು ಸಿಗಲಿಲ್ಲ. ಮಾತಾಡಲು ಬಾಯಿ ತೆರೆದಾಗ ಮುಂದಿನ ಹಲ್ಲಿನ ಮೇಲೆ ಇನ್ನೊಂದು ಹತ್ತಿ ಕೂತಿರುವುದು ಕಂಡು ಯಾರೆಂದು ತಿಳಿಯಿತು. ಅಪ್ಪ ಹೋಗಿ ನಲವತ್ತು ದಿನವಾಯಿತು ಎಂದಳು. ನಿದ್ದೆಯಲ್ಲೇ ಹೋದರಂತೆ. ಬ್ಯಾಂಡಿನವರೆಲ್ಲ ಬಂದಿದ್ದರಂತೆ. ಕೊನೆಯವರೆಗೂ ಬೆಳಗ್ಗೆ ಬರೀ ಮೌತ್‌ಪೀಸ್ ಹಿಡಿದು ಕೂರುತ್ತಿದ್ದರಂತೆ. ಅಟ್ಟ ಮತ್ತೆ ಸಿಕ್ಕಿತಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಬ್ಯಾಗಿನಿಂದ ಒಂದು ಕವರು ತೆಗೆದು ಮೇಜಿನ ಮೇಲಿಟ್ಟಳು. ಮೇಲೆ ಅವರ ಕೈಬರಹದಲ್ಲಿ ‘ಹಲ್ಲಿನಮ್ಮನಿಗೆ’ ಎಂದಿತ್ತು.

“ನೀವು ಬರ್ತೀರ ಅಂತ ಷೋಕೇಸಲ್ಲಿ ಇಟ್ಟಿದ್ರು,” ಎಂದಳು. “ಧೂಳು ಒರೆಸುವಾಗಲೂ ಯಾರೂ ಜರುಗಿಸೋ ಹಾಗಿರಲಿಲ್ಲ.”

ಫೋಟೋದಲ್ಲಿ ಮೇಷ್ಟ್ರಿಗೆ ಮೂವತ್ತು ದಾಟಿರಬೇಕು. ತೋಳಿನಲ್ಲಿ ಕೂಸು, ಇದೇ ಮಗಳು. ಕೂಸು ಅವರ ಮೂಗು ಹಿಡಿದು ಎಳೆಯುತ್ತಿದೆ, ಅವರು ಬಾಯಿ ತುಂಬ ನಗುತ್ತಿದ್ದಾರೆ. ಎರಡು ಕೈಯೂ ಮಗಳಿಗೆ ಬೇಕಾಗಿದ್ದರಿಂದ ಟ್ರಂಪೆಟ್ ಇಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಎಡಗಡೆಯ ಹಲ್ಲು ಮುಂದೆ ಬಂದಿತ್ತು, ಸರಿ. ಆದರೆ ನಾನು ಕೂರಿಸಿದ ಹಾಗೆ ನೇರವಾಗಿ ಮುಂದೆ ಬಂದಿರಲಿಲ್ಲ. ಸ್ವಲ್ಪ ತಿರುಗಿತ್ತು, ಅರ್ಧ ತೆರೆದ ಕಿಟಕಿಯ ಕದದ ಹಾಗೆ. ಅಷ್ಟೇ ವ್ಯತ್ಯಾಸ. ಅಷ್ಟಕ್ಕಾಗಿ ಅವರು ಅಷ್ಟು ವರ್ಷ ಕಾದಿದ್ದರು, ನಾನು ಹದಿನೇಳು ಕಿಲೋಮೀಟರ್ ದೂರದಲ್ಲಿದ್ದೆ.

ಮೂರು ದಿನ ಮಧ್ಯಾಹ್ನ ಊಟ ಬಿಟ್ಟು ಆ ಸೆಟ್ಟು ಮಾಡಿದೆ. ಅವರ ಕೆತ್ತಿದ ಅಚ್ಚು ಇನ್ನೂ ನನ್ನ ಕಪಾಟಿನಲ್ಲಿತ್ತು, ಅದರ ಮೇಲೇ ಹೊಸ ಹಲ್ಲು ಕೂರಿಸಿದೆ, ಫೋಟೋದಲ್ಲಿದ್ದಷ್ಟೇ ತಿರುಗಿಸಿ. ಮುಗಿದ ಮೇಲೆ, ಆಗ ಕಲಿಯಲೆಂದು ಅವರು ನನಗೇ ಕೊಟ್ಟಿದ್ದ ಹಳೆಯ ಮೌತ್‌ಪೀಸನ್ನು ತಂದು, ಅಚ್ಚನ್ನು ಮಲಗಿಸಿ, ಆ ಎರಡು ಹಲ್ಲಿನ ಮೇಲಿಟ್ಟು ಕೈ ಬಿಟ್ಟೆ. ಅದು ತಾನಾಗಿ ಕೂತಿತು. ಅಲ್ಲಾಡಲಿಲ್ಲ.

ಈಗ ನಮ್ಮಲ್ಲಿರುವವರು ಹೊಸ ಡಾಕ್ಟರು, ಚಿಕ್ಕ ವಯಸ್ಸು, ಕೆಲಸದಲ್ಲಿ ಚೊಕ್ಕ. ಸಂಜೆ ನನ್ನ ಕೋಣೆಗೆ ಬಂದವರು ಮೇಜಿನ ಮೇಲಿದ್ದುದನ್ನು ಎತ್ತಿ ಬೆಳಕಿಗೆ ಹಿಡಿದರು. ಇದು ಯಾರದು, ಚೀಟಿಯಲ್ಲಿ ಹೆಸರೇ ಇಲ್ಲವಲ್ಲ ಎಂದರು. ಮುಂದಿನ ಹಲ್ಲನ್ನು ಉಗುರಿನಿಂದ ಮುಟ್ಟಿ, ಇಷ್ಟು ಸೊಟ್ಟ ಕೂರಿಸಿದರೆ ಪೇಷೆಂಟ್ ಒಪ್ಪುತ್ತಾರಾ ಎಂದು ಕೇಳಿದರು.

“ಅವರು ಕೇಳಿದ್ದೇ ಹೀಗೆ ಸಾರ್, ಇದ್ದ ಹಾಗೇ ಮಾಡು ಅಂತ,” ಎಂದೆ. “ನಾನೇ ತಡ ಮಾಡಿದೆ.”